ಜಾಡಿಸಿದವರ ಪಾಲು

ಎಳ್ಳಮಾವಾಸ್ಯೆಗೆ ಮುಂಚಿನ ಸೋಮವಾರ ನಮ್ಮ ಮನೆಯ ಕೋಳಿಗಳೆಲ್ಲ ಸತ್ತವು. ಆಗ ನಾನು ಮೂರನೆಯ ತರಗತಿಯಲ್ಲಿದ್ದೆ. ತಾಂಡೂರಿನಿಂದ ಕೊಡಂಗಲ್ ಕಡೆಗಿನ ಹಳ್ಳಿಗಳಲ್ಲಿ, ತೊಗರಿಗೆ ಕಾಯಿಕೊರಕ ಹುಳು ಬಿದ್ದರೆ ಗಿಡವನ್ನೇ ಹಿಡಿದು ಜಾಡಿಸುತ್ತಿದ್ದ ದಿನಗಳು ಅವು.

ಸಾಲಿನ ನಡುವೆ ಹಳೆಯ ಚಾದರ ಹಾಸಿ, ಗಿಡ ಬಗ್ಗಿಸಿ ಜಾಡಿಸಿದರೆ ಹಸಿರು ಹುಳುಗಳು ಉದುರುತ್ತಿದ್ದವು. ಚಾದರ ಎಳೆಯುವುದು ಮಕ್ಕಳ ಕೆಲಸ. ಎಳೆಯುತ್ತಲೇ ಎಳೆಗಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಉದುರಿದ ಹುಳು ಜಾಡಿಸಿದವರ ಪಾಲು. ಹೊಲದ ಒಡೆಯರಾದ ಪಟೇಲರ ಮನೆಯಲ್ಲಿ ಕೋಳಿ ಸಾಕುತ್ತಿರಲಿಲ್ಲ, ನಮ್ಮವ್ವ ಸಾಕುತ್ತಿದ್ದಳು. ಆ ಸಲ ಅಕ್ಕ ಹೆರಿಗೆಗೆ ಬಂದಿದ್ದಳು. ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದಳು. ಬಾಣಂತಿಗೆ ಮೊಟ್ಟೆ, ಸಾರು ಬೇಕೆಂದು ಅವ್ವ ಒಂದು ಕೋಳಿಯನ್ನೂ ಮಾರಿರಲಿಲ್ಲ.

ಆ ಬೆಳಿಗ್ಗೆ ಹೊಲದಲ್ಲಿ ಘಾಟು ವಾಸನೆಯಿತ್ತು. ಪಕ್ಕದ ಹೊಲದವರು ಔಷಧಿ ಹೊಡೆದಿರಬೇಕು ಎಂದು ದೊಡ್ಡವರು ಅಂದುಕೊಂಡರು. ಕಾಯಿಗೆ ಕೈ ಹಾಕಿದ ನಮ್ಮನ್ನು ಪಟೇಲರು ಗದರಿದರು. ಈ ವರ್ಷ ಇವರಿಗೆ ಜಿಪುಣತನ ಬಂದಿದೆ ಎಂದು ನಾವು ಗೊಣಗಿದೆವು. ಹುಳು ಎಂದಿಗಿಂತ ಸಲೀಸಾಗಿ ಬೀಳುತ್ತಿತ್ತು.

“ಯಲ್ಲಮ್ಮಾ, ನಿನ್ನ ಕೋಳಿ ನಸೀಬ್ ಭಾರಿ ಅದ. ಮುಟ್ಟಿದ್ರ ಸಾಕು, ಉದುರಾಕ ಹತ್ಯಾವ,” ಎಂದಳು ನೆರೆಮನೆಯ ನರಸಮ್ಮ.

“ನಿನ್ನ ಬಾಯಿ ಕೇಳಿ ಹೆದರ್ಯಾವ ಬಿಡು,” ಎಂದಳು ಅವ್ವ.

ಮಧ್ಯಾಹ್ನ ಅವ್ವ ಅಂಗಳದಲ್ಲಿ ಕೋಳಿಗಳ ಮುಂದೆ ಹುಳುವಿನ ಬುಟ್ಟಿ ಸುರಿದಳು. ಹೊತ್ತು ಇಳಿಯುವಷ್ಟರಲ್ಲಿ ಕೋಳಿಗಳ ಕತ್ತು ಜೋತುಬಿತ್ತು. ಕಾವಿಗೆ ಕೂತಿದ್ದ ಹ್ಯಾಟೆ ಮೊಟ್ಟೆಗಳ ಮೇಲೆಯೇ ಸತ್ತಿತು. ನಾಯಿ ತಿನ್ನದಂತೆ ಆಳವಾಗಿ ಹೂಳಿದೆವು.

ಸುದ್ದಿ ಕೇಳಿ ಪಟೇಲರು ಓಣಿಯ ಬಾಯಿಗೆ ಬಂದು ನಿಂತರು. ಔಷಧಿ ಹೊಡೆಸಿದ್ದೀರೇನು ಎಂದು ಅವ್ವ ಕೇಳಿದಳು.

“ನಿನ್ನೆ ಸಂಜಿಗಿ ಹೊಡಸೀನಿ. ಹುಳ ನಿಂಗ ಅಂತ ಮಾತು ಕೊಟ್ಟಿದ್ನಲ್ಲ, ನಿನ್ನ ಪಾಲು ಹ್ಯಾಂಗ ತಪ್ಪಸ್ಲಿ ಅಂತ ಕರದೆ. ಮಕ್ಕಳಿಗಿ ಕಾಯಿ ತಿನಬ್ಯಾಡ್ರಿ ಅಂದೆ. ಕೋಳಿದು ತಲ್ಯಾಗ ಬರಲಿಲ್ಲ.”

“ಈಗ ಬಾಣಂತಿಗಿ ಏನ್ ಹಾಕ್ಲಿರಿ, ಪಟೇಲ್ರ?”

ಮರುದಿನದಿಂದ ಅವರ ಮನೆಯಿಂದ ಹಾಲು ಬಂತು. ಅಕ್ಕ ಹೆಣ್ಣು ಹೆತ್ತಳು. ಬಾಣಂತನ ಹಾಲು, ಬೇಳೆಯಲ್ಲೇ ಕಳೆಯಿತು. ಆಕೆ ಗೋಡೆ ಹಿಡಿಯದೆ ನಡೆಯುವಷ್ಟರಲ್ಲಿ ಬೇಸಿಗೆ ಮುಗಿಯುತ್ತಾ ಬಂದಿತ್ತು.

ಮರುವರ್ಷ ಜಾಡಿಸಲು ಕರೆ ಬರಲಿಲ್ಲ. ಅವ್ವನೂ ಕೇಳಲಿಲ್ಲ. ಮತ್ತೆ ಕೋಳಿ ಸಾಕಿದಳು. ಸುತ್ತಲಿನ ಹೊಲಗಳಿಗೆ ಔಷಧಿ ಹೆಚ್ಚಿದಂತೆ ಅವೂ ಉಳಿಯಲಿಲ್ಲ. ಗಿಡ ಮುರಿಯದಂತೆ ಜಾಡಿಸಬಲ್ಲವರು ಊರಲ್ಲಿ ಈಗ ಅವ್ವ, ನರಸಮ್ಮ ಇಬ್ಬರೇ. ಇಬ್ಬರ ಮೊಣಕಾಲೂ ಸೋತಿವೆ.

ಈಗ ಹೊಲ ಪಟೇಲರ ಮಗನದು. ಈ ವರ್ಷ ಔಷಧಿ ಹೊಡೆಯಲು ಡ್ರೋನ್ ಬಂತು. ಹಿಂದಿನ ದಿನ ಕೋಳಿ ಕೂಡಿಹಾಕಿರಿ ಎಂದು ಮೈಕಿನಲ್ಲಿ ಹೇಳಿಸಿದರು. ನಮ್ಮ ಓಣಿಯಲ್ಲಿ ಕೂಡಿಹಾಕಲು ಕೋಳಿ ಇರಲಿಲ್ಲ.