ಸೂರು ನೋಡುವ ಸೋದರಮಾವ

ಮದುವೆಮನೆಗೆ ಹೋದವರು ಮೊದಲು ನೋಡುವುದು ಮಂಟಪವನ್ನು, ಆಮೇಲೆ ಸೀರೆಗಳನ್ನು, ಕೊನೆಗೆ ಊಟದ ಹಾಲಿನ ಬಾಗಿಲು ತೆರೆಯಿತೇ ಎಂಬುದನ್ನು. ನಾನು ನೋಡುವುದು ಸೂರನ್ನು. ಕೈಯಲ್ಲಿ ಅಕ್ಷತೆ, ಕಣ್ಣು ಸೀಲಿಂಗಿನಲ್ಲಿ. ಹೀಗೆ ನಿಂತವನನ್ನು ಕಂಡು ಅಪರಿಚಿತರು ಪರಮವಿರಾಗಿಯೆಂದು ಭಾವಿಸಿದ್ದುಂಟು, ಪರಿಚಿತರು ಕತ್ತು ಉಳುಕಿದೆಯೆಂದು ಮರುಗಿದ್ದುಂಟು. ನಿಜಾಂಶ ಇಷ್ಟೆ: ನಾನು ಬೆಂಕಿಯ ಗಂಟೆ ಹುಡುಕುತ್ತಿರುತ್ತೇನೆ.

ನಾಣ್ಯ, ಅಂಚೆಚೀಟಿ ಸಂಗ್ರಹಿಸುವವರಿಗೆ ಲೋಕದಲ್ಲಿ ಮರ್ಯಾದೆಯುಂಟು. ಸಾರ್ವಜನಿಕ ಕಟ್ಟಡಗಳಲ್ಲಿ ಬೆಂಕಿಯ ಎಚ್ಚರಿಕೆ ಕೊಡುವ ಸಾಧನಗಳ ಚಿತ್ರ ತೆಗೆದು, ಹಳೆಯವು ಹೊಸವು ಎಂದು ವಿಂಗಡಿಸಿಡುವ ನನ್ನಂಥ ನಿವೃತ್ತನಿಗೆ ದಕ್ಕುವುದು ಸೆಕ್ಯುರಿಟಿಯವರ ಸಂಶಯ ಮಾತ್ರ. ಆದರೂ ನನ್ನ ಭಂಡಾರ ಬಡವಾದದ್ದಲ್ಲ. ರಾಜಾಜಿನಗರದ ಒಂದು ವಾಚನಾಲಯದ ಕಬ್ಬಿಣದ ಗಂಟೆ ಅದರಲ್ಲಿದೆ. ವರ್ಷವರ್ಷವೂ ಬಳಿದ ಬಣ್ಣದ ದಪ್ಪಕ್ಕೆ ಅದು ಮೌನವ್ರತ ಹಿಡಿದಿತ್ತು. ಬಸವೇಶ್ವರನಗರದ ಒಂದು ಕಚೇರಿಯ, ಗಾಜು ಒಡೆದು ಒತ್ತಬೇಕಾದ ಕೆಂಪು ಪೆಟ್ಟಿಗೆಯಿದೆ. ಆಯುಧಪೂಜೆಯ ವಿಭೂತಿ ಕುಂಕುಮ ಧರಿಸಿ, ಒಡೆಯಲು ಹೋದವರೇ ಕೈಮುಗಿದು ಹಿಂದಿರುಗುವಂತಿತ್ತು. ಹೊಸ ಕಾಲದ ಪ್ರತಿನಿಧಿಯಾಗಿ, ಹೊಗೆ ಮೂಸಿದೊಡನೆ ಬೊಬ್ಬಿಡುವ ಬಿಳಿಯ ಬಟ್ಟಲುಗಳಿವೆ. ಮನೆಗೆ ಬಂದವರಿಗೆ ಎಲ್ಲರೂ ಊಟಿಯ ಫೋಟೊ ತೋರಿಸಿದರೆ ಇವರು ಗಂಟೆ ತೋರಿಸುತ್ತಾರೆ ಎಂದು ನನ್ನಾಕೆ ಹಂಗಿಸುತ್ತಾಳೆ. ಹಂಗಿಸುತ್ತಲೇ ಬಂದವರಿಗೆ ಕಾಫಿ ಕೊಟ್ಟು ಕೂರಿಸುತ್ತಾಳೆ.

ಇಂಥ ನಾನು ಅಕ್ಕನ ಮಗಳು ಮೇಘನಾಳ ಮದುವೆಗೆ ಗೊತ್ತಾದ ಗೋವಿಂದರಾಜನಗರದ ಛತ್ರವನ್ನು ನೋಡಲು ಹೋದಾಗ, ಕಣ್ಣು ಎಂದಿನಂತೆ ಸೂರಿಗೇರಿತು. ಅಲ್ಲಿದ್ದ ಬಿಳಿ ಬಟ್ಟಲುಗಳಿಗೆಲ್ಲ, ಊಟ ಬಡಿಸುವವರು ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿ ತೊಡಿಸಲಾಗಿತ್ತು. ಕಾರಣ ಕೇಳಿದರೆ ಮ್ಯಾನೇಜರ್ ಗಂಗಾಧರಯ್ಯ ಹಣೆ ಒರೆಸಿಕೊಂಡು ಹಳೆಯ ಕಥೆ ಬಿಚ್ಚಿದರು. ಹಿಂದೊಮ್ಮೆ ಹೋಮದ ಹೊಗೆಗೆ ಅಲಾರಂ ಕೂಗಿಕೊಂಡಿತ್ತಂತೆ. ಶುಭಕಾಲದಲ್ಲಿ ಅಪಸ್ವರ ಕಿವಿಗೆ ಬೀಳಬಾರದೆಂದೇ ಅಲ್ಲವೆ ಗಟ್ಟಿಮೇಳ ಬಾರಿಸುವುದು? ಪುರೋಹಿತರು ಕೈಯೆತ್ತಿದರು, ಓಲಗದವರು ಕೆನ್ನೆಯುಬ್ಬಿಸಿ ಊದಿದರು, ಅಲಾರಂ ಕೂಗಿದಷ್ಟೂ ಡೋಲು ಮೇಲಾಯಿತು. ಕಡೆಗೆ ಸೋತದ್ದು ಅಲಾರಂ. ಅಪಶಕುನವಾಯಿತೆಂದು ಹೆಣ್ಣಿನವರು ಗಂಗಾಧರಯ್ಯನವರ ಮೇಲೆ ಹರಿಹಾಯ್ದರಂತೆ. ಅಂದಿನಿಂದ ಈ ಟೋಪಿ. ಹೋಮಕ್ಕೆ ಮುಂಚೆ ಹಾಕಿ ಆಮೇಲೆ ತೆಗೆಯಬೇಕೆಂಬ ಮೊದಲಿನ ಸಂಕಲ್ಪ, ದಿನವೂ ಏಣಿ ಹತ್ತುವವರಾರು ಎಂಬ ಪ್ರಶ್ನೆಯಲ್ಲಿ ಲೀನವಾಗಿತ್ತು.

ಮನೆಗೆ ಬಂದು ವಿಷಯ ಎತ್ತುತ್ತಿದ್ದಂತೆಯೇ ಅಕ್ಕ ಬೆರಳು ತೋರಿಸಿದಳು.

"ನೋಡು, ನಿನ್ನ ಗಂಟೆ ನನ್ನ ಮಗಳ ಮದುವೇಲಿ ಬಡ್ಕೊಂಡ್ರೆ, ನಾನು ನಿನ್ನ ಮುಖ ನೋಡಲ್ಲ ಕಣೋ."

ಅಕ್ಕ ಹೇಳಿದ್ದನ್ನು ಮಾಡುವವಳು. ಒಂದು ಕಡೆ ಅವಳ ಮುನಿಸಿನ ಭಯ. ಇನ್ನೊಂದು ಕಡೆ, ಬಂಧುಬಳಗವೆಲ್ಲ ತುಂಬಿದ ಛತ್ರ ಕಣ್ಣು ಕಟ್ಟಿಸಿಕೊಂಡು ಕೂತಿರುತ್ತದೆಂಬ ಕಳವಳ. ನಿದ್ದೆ ಬರಲಿಲ್ಲ. ಬೆಳಗ್ಗೆ ಪುರೋಹಿತರ ಮನೆಗೆ ಹೋದೆ. ಅಂದು ಗಟ್ಟಿಮೇಳಕ್ಕೆ ಕೈಯೆತ್ತಿದವರು ಅವರೇ ಎಂದು ಆಗ ತಿಳಿಯಿತು. ನಕ್ಕು ಕೂರಿಸಿಕೊಂಡು ಉಪಾಯ ಹೇಳಿಕೊಟ್ಟರು.

"ಹೋಮ ಮುಗಿದು ಹೊಗೆ ಇಳೀಲಿ. ಆಮೇಲೆ ಸೋದರಮಾವ ಬಂದು ಟೋಪಿ ತೆಗೀಬೇಕು ಅಂತೀನಿ. ಶಾಸ್ತ್ರ ಅಂದ್ಬಿಟ್ರೆ ಯಾರೂ ಕೇಳಲ್ಲ ಬಿಡಿ ಸಾರ್."

ಯಾರೂ ಕೇಳಲಿಲ್ಲ. ಲಾಜಾಹೋಮ ಮುಗಿದು ಹೊಗೆ ತಿಳಿಯಾದಾಗ ಸೋದರಮಾವನಿಗೆ ಕರೆ ಬಂತು. ಹೂವಿನ ಅಲಂಕಾರದವರ ಏಣಿಯನ್ನು, ಜರಿಪಂಚೆ ಎತ್ತಿ ಕಟ್ಟಿ, ಮೈಸೂರು ಪೇಟದೊಂದಿಗೇ ಹತ್ತಿ ಒಂದೊಂದೇ ಟೋಪಿ ಕಳಚಿದೆ. ಕೆಳಗೆ ಮುತ್ತೈದೆಯರು ಅಕ್ಷತೆ ಹಾಕಿದರು. ಗಂಡಿನ ಕಡೆಯ ಹಿರಿಯರೊಬ್ಬರು, ನಮ್ಮಲ್ಲೂ ಈ ಪದ್ಧತಿ ಇತ್ತು, ಈಗಿನವರು ಬಿಟ್ಟಿದ್ದಾರೆ ಎಂದು ನಿಟ್ಟುಸಿರಿಟ್ಟರು. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಮಾತ್ರ ಅಕ್ಷತೆಯ ಮೃದುತ್ವ ಇರಲಿಲ್ಲ.

ಮೊದಲ ಪಂಕ್ತಿ ಎದ್ದಿತ್ತು. ವೇದಿಕೆಯ ಮೇಲೆ ವಧೂವರರೊಂದಿಗೆ ಫೋಟೊ ತೆಗೆಸಿಕೊಳ್ಳುವ ಸಾಲು ನಿಂತಿತ್ತು, ಓಲಗ ಮೆಲ್ಲಗೆ ನುಡಿಯುತ್ತಿತ್ತು. ಆಗ ಅಲಾರಂ ಕೂಗಿತು. ಡೋಲಿನವರು ಅಭ್ಯಾಸಬಲದಿಂದ ಕೋಲೆತ್ತಿದರು. ಆದರೆ ಪುರೋಹಿತರು ಎತ್ತಿದ ಕೈ ಈ ಸಲ ಬೇರೆ ಮಾತಾಡಿತು.

"ವಾದ್ಯ ನಿಲ್ಸಿ. ಎಲ್ರೂ ಆಚೆ ನಡೀರಿ."

ವಾದ್ಯ ನಿಂತಾಗ ಆ ಕೂಗು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ನನಗೆ ಕಣ್ಣಲ್ಲಿ ನೀರು ಬಂತು. ವಧುವಿನ ಕೋಣೆಯ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಯಾರೋ ಆರತಿ ತಟ್ಟೆಯನ್ನು ಉರಿಯುವ ದೀಪದೊಂದಿಗೆ ಉಡುಗೊರೆಗಳ ಬಣ್ಣದ ಕಾಗದದ ಪಕ್ಕ ಇಟ್ಟಿದ್ದರು. ಮೂಲೆಯ ಮಂಚದಲ್ಲಿ, ಊಟ ಮುಗಿಸಿದ ಮೇಘನಾಳ ಅಜ್ಜಿ, ಅಂದರೆ ಭಾವನ ತಾಯಿ, ನಿದ್ದೆ ಹೋಗಿದ್ದರು. ಭಾವ ಒಳನುಗ್ಗಿ ಅವರನ್ನು ಎತ್ತಿಕೊಂಡು ಬಂದರು. ಗಂಗಾಧರಯ್ಯ, ಕಾಫಿ ಲೋಟಗಳ ಕಸದಬುಟ್ಟಿಯಾಗಿದ್ದ ಹಳೆಯ ಕೆಂಪು ಬಕೆಟ್ಟಿನ ಮರಳನ್ನು ಲೋಟಗಳ ಸಮೇತ ಸುರಿದರು. ಬೆಂಕಿ ಆರಿತು, ಪರದೆಯೊಂದು ಹೋಯಿತು, ಅಷ್ಟೆ. ಹಳೆಯದೂ ಹೊಸದೂ ಕೂಡಿ ದುಡಿದದ್ದನ್ನು ಕಣ್ಣಾರೆ ಕಂಡ ನಾನು, ಜನ್ಮ ಸಾರ್ಥಕವಾಯಿತೆಂದು ನಿರ್ಲಜ್ಜೆಯಿಂದ ಬೀಗಿದೆ. ಬೀದಿಯಲ್ಲಿ ರೇಷ್ಮೆಸೀರೆಗಳ ನಡುವೆ ಕುರ್ಚಿ ಹಾಕಿ ಕೂರಿಸಿದ ಅಜ್ಜಿ ಕಣ್ಣುಜ್ಜಿಕೊಂಡು ಕೇಳಿದರು: "ಯಾಕಿಷ್ಟು ಗದ್ದಲ, ಇನ್ನೊಂದ್ಸಲ ತಾಳಿ ಕಟ್ಟಿಸಿದ್ರಾ?"

ಅಕ್ಕ ನನ್ನ ಪೇಟ ಸರಿಮಾಡಿ, ಕೈಹಿಡಿದು ಕರೆದುಕೊಂಡು ಹೋಗಿ, ಎರಡನೆಯ ಪಂಕ್ತಿಯಲ್ಲಿ ತಾನೇ ಹೋಳಿಗೆ ಬಡಿಸಿದಳು. ಬೇಡವೆಂದರೂ ತುಪ್ಪ ಸುರಿದಳು.

ಆ ಛತ್ರದಲ್ಲಿ ಈಗ ಪ್ರತಿ ಹೋಮದ ನಂತರ ಸೋದರಮಾವ ಏಣಿ ಹತ್ತುತ್ತಾನೆ, ಇಳಿದ ಮೇಲೆ ತಾಂಬೂಲ ಕೊಡುತ್ತಾರೆ. ಶಾಸ್ತ್ರ ಯಾವ ಗ್ರಂಥದ್ದೆಂದು ಈವರೆಗೆ ಯಾರೂ ಕೇಳಿಲ್ಲ.

ಚಂದ್ರಾ ಲೇಔಟಿನ ಅಕ್ಕನ ಮನೆಗೆ ನೀವು ಹೋದರೆ, ಹಾಲಿನಲ್ಲಿ ಕಟ್ಟುಹಾಕಿಸಿದ ಒಂದು ಮದುವೆ ಫೋಟೊ ಕಾಣುತ್ತದೆ. ಅಲಾರಂ ಕೂಗಿದ ಕ್ಷಣದಲ್ಲಿ ಕ್ಲಿಕ್ಕಿಸಿದ್ದು. ವರ, ಅಕ್ಕ, ಭಾವ, ಪುರೋಹಿತರು, ಸಾಲಿನಲ್ಲಿ ನಿಂತ ನೆಂಟರು, ಕೋಲೆತ್ತಿದ ಡೋಲಿನವರು, ಎಲ್ಲರೂ ಕತ್ತೆತ್ತಿ ಸೂರನ್ನು ನೋಡುತ್ತಿದ್ದಾರೆ. ಮದುಮಗಳೊಬ್ಬಳು ಮಾತ್ರ, ನನಗೆ ಮೊದಲೇ ಗೊತ್ತಿತ್ತು ಎಂಬಂತೆ, ನಗುತ್ತ ಮಾವನ ಕಡೆ ತಿರುಗಿದ್ದಾಳೆ. ಮೂಲೆಯಲ್ಲಿ ನಿಂತ ಮಾವ, ಆಯುಸ್ಸಿನಲ್ಲಿ ಮೊದಲ ಬಾರಿಗೆ, ಸೂರನ್ನು ಮರೆತು ಮದುಮಗಳನ್ನು ನೋಡುತ್ತಿದ್ದಾನೆ.