ಎನೆಲೆಸಿಯ ಮೈ ತೊಳೆದದ್ದು

ಚಿಲೊಂಬೆ ಮಿಷನ್ನಿನಲ್ಲಿ ಫೈನೆಸಿ ಮಾಡುತ್ತಿದ್ದ ಕೆಲಸಕ್ಕೆ ಇಂಥದ್ದೇ ಎಂಬ ಹೆಸರಿರಲಿಲ್ಲ. ಚರ್ಚು ಗುಡಿಸುವುದು, ಬಾಣಂತಿಯರಿಗೆ ಗಂಜಿ ಒಯ್ಯುವುದು, ಕಾಯಿಲೆಯವರ ಪಕ್ಕ ಕೂರುವುದು. ಆದರೆ ಶಿರೆ ನದಿಯ ಈ ದಡದ ಹಳ್ಳಿಗಳಲ್ಲಿ ಹೆಂಗಸರು ತೀರಿಕೊಂಡಾಗ ಜನಕ್ಕೆ ಮೊದಲು ನೆನಪಾಗುತ್ತಿದ್ದವಳು ಅವಳೇ. ಚರ್ಚಿನ ಮಹಿಳಾ ಸಂಘದವರನ್ನು ಕಟ್ಟಿಕೊಂಡು ಬಂದು, ಗಂಡಸರನ್ನು ಅಂಗಳಕ್ಕೆ ಕಳಿಸಿ, ನೀರು ಕಾಯಿಸಿ, ಹಾಡಿಕೊಳ್ಳುತ್ತಲೇ ಹೆಣದ ಮೈ ತೊಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೆ ನಡೆದಿತ್ತು.

ಆ ವರ್ಷ ಜನವರಿಯ ಮಳೆ ಹಿಡಿದದ್ದು ಬಿಡಲಿಲ್ಲ. ಕಕ್ಕಸು ಗುಂಡಿಗಳು ತುಂಬಿ ಹರಿದು ಬಾವಿ ಸೇರಿದವು. ಮನೆಗಳಲ್ಲಿ ಹಳೆಯ ಜೋಳ ಮುಗಿದಿತ್ತು, ಹೊಸ ಪೈರು ಇನ್ನೂ ಮಂಡಿಯುದ್ದ. ಜನ ತೌಡಿನ ಗಂಜಿ ಕುಡಿದು, ಉದುರಿದ ಮಾವಿನಹಣ್ಣು ತಿಂದು ದಿನ ನೂಕುತ್ತಿದ್ದರು. ಅಂಥ ಹೊಟ್ಟೆಗಳಿಗೆ ಕಾಲರಾ ಬಂತು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆಗೆ ಒಣಗಿದ ಸೌತೆಕಾಯಿಯಂತಾಗಿ ಬಿದ್ದಿರುತ್ತಿದ್ದರು. ಮಿಷನ್ನಿನ ಶಾಲೆ ಮೈದಾನದಲ್ಲಿ ರೋಗಿಗಳಿಗೆಂದು ಟಾರ್ಪಾಲಿನ ಡೇರೆಗಳೆದ್ದವು.

ಪಾದ್ರಿ ಚಿಕೋಪಾ ಫೈನೆಸಿಯನ್ನು ಕರೆದು ಹೇಳಿದರು, "ಅಮ್ಮಾ, ಇನ್ನು ಹೆಣ ತೊಳೆಯೋ ಹಾಗಿಲ್ಲ. ರೋಗ ಸತ್ತವರ ಮೈಯಲ್ಲೂ ಇರುತ್ತೆ. ಡೇರೆ ಆಸ್ಪತ್ರೆಯ ಮಟಯೋ ಬಂದು ಕ್ಲೋರಿನ್ ಹೊಡೀತಾನೆ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅವತ್ತೇ ಮಣ್ಣು ಮಾಡ್ಬೇಕು. ಸಾವಿನ ಮನೇಲಿ ಊಟವೂ ಬೇಡ. ಇದನ್ನ ನಾನು ಹೇಳಿದ್ರೆ ಕೇಳಲ್ಲ, ನೀವು ಹೇಳಿದ್ರೆ ಕೇಳ್ತಾರೆ."

ಅವಳು ಹೇಳಿದರೂ ಕೇಳಲಿಲ್ಲ. ಎರಡು ವಾರ ಫೈನೆಸಿ ಕ್ಲೋರಿನ್ ನೀರಿನ ಬಕೆಟ್ ಹೊತ್ತು ಮೊಣಕಾಲುದ್ದ ಕೆಸರಿನಲ್ಲಿ ಮನೆ ಮನೆ ಸುತ್ತಿದಳು. "ನೋಡ್ರೇ, ಹೆಣಕ್ಕೆ ಸೋಪು ಹಚ್ಚುತಿದ್ದ ಕೈ ಈಗ ತಿಗಣೆ ಔಷಧಿ ಹಿಡ್ಕೊಂಡ್ ಬಂತು," ಅಂತ ಬಾವಿಕಟ್ಟೆಯ ಹೆಂಗಸರು ಆಡಿಕೊಂಡರು. ಕೆಲವರು ಅವಳನ್ನು ಕಂಡು ಬಾಗಿಲು ಹಾಕಿಕೊಂಡರು. ಕಾಯಿಲೆ ತರುತ್ತಿರುವುದೇ ಆ ಬಕೆಟ್ಟಿನ ನೀರು ಎಂಬ ಮಾತೂ ಎದ್ದಿತ್ತು.

ಫೆಬ್ರವರಿ ಮೊದಲ ವಾರ ಎನೆಲೆಸಿ ಸತ್ತಳು. ಅವಳು ಊರಿನ ಸೂಲಗಿತ್ತಿ. ಮಗ ಲೈಸನ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಡೇರೆಗೆ ಹೊರಟಿದ್ದ; ಹಳ್ಳ ಏರಿ ದಾರಿ ಕಟ್ಟಿತ್ತು, ಹಳ್ಳದ ದಂಡೆಯಲ್ಲೇ ಪ್ರಾಣ ಹೋಯಿತು. ಅವನು ಹೆಣವನ್ನು ಮನೆಗೆ ತಿರುಗಿಸಿ ತಂದು ಫೈನೆಸಿಯ ಕಾಲು ಹಿಡಿದ.

"ದೊಡ್ಡಮ್ಮಾ, ಅವಳ ಬಟ್ಟೆ ನೋಡು. ಹೀಗೇ ಕಳಿಸ್ಲಾ? ಈ ಊರಿನ ಅರ್ಧ ಮಕ್ಕಳ ಮೈ ಮೊದಲು ತೊಳೆದೋಳು ಅವಳು. ಅವಳಿಗೆ ಒಂದು ಚೊಂಬು ನೀರಿಲ್ವಾ, ಆಕಾಶ ಹರಿದು ಬೀಳ್ತಿರೋವಾಗ?"

"ಬೇಡಪ್ಪ, ಮಟಯೋ ಬರ್ತಾನೆ."

"ನಿನ್ನ ಮೂರೂ ಹೆರಿಗೆ ಮಾಡಿಸಿದ್ದು ಯಾರು?"

ಫೈನೆಸಿ ಹೆಣದ ಕಡೆ ತಿರುಗಿದಳು. ಎನೆಲೆಸಿಯ ತೊಡೆಯ ಮೇಲೆ ಒಣಗಿದ ಹೊಲಸಿನ ಮೇಲೆ ನೊಣ ಮುತ್ತಿದ್ದವು. "ಬಾಗಿಲು ಹಾಕು. ನೀರಿಗೆ ಕ್ಲೋರಿನ್ ಹಾಕ್ತೀನಿ, ಯಾರಿಗೂ ಹೇಳ್ಬೇಡಿ," ಅಂದಳು.

ಮೂವರು ತೊಳೆದರು: ಫೈನೆಸಿ, ಸಂಘದ ಮಾಲಿತಾ, ಲೈಸನ್‌ನ ಹೆಂಡತಿ ತಿಯಂಜಾನೆ. ಸಣ್ಣ ದನಿಯಲ್ಲಿ ಹಾಡಿದರು. ಬೆರಳ ಸಂದಿಗಳನ್ನೂ ಬಿಡದೆ ತೊಳೆದು, ಹಣೆಗೆ ಎಣ್ಣೆ ಸವರಿ, ಒಳ್ಳೆಯ ಬಟ್ಟೆ ಉಡಿಸಿದರು. ಮುಗಿದ ಮೇಲೆ ಇಬ್ಬರಿಗೂ ಫೈನೆಸಿ ತಾನೇ ನಿಂತು ಕೈ ತೊಳೆಸಿದಳು. ಆದರೆ ತಿಯಂಜಾನೆ ಹೊಲಸು ಬಟ್ಟೆಯನ್ನು ಹಿತ್ತಿಲಲ್ಲಿ ಒಗೆಯಲು ಹಾಕಿ, ಅಲ್ಲಿಂದ ನೇರ ಒಲೆಯ ಮುಂದೆ ಹೋಗಿ, ಸಾವಿಗೆ ಬಂದವರಿಗೆ ತೌಡಿನ ಮುದ್ದೆ ಕಟ್ಟಿದ್ದು ಫೈನೆಸಿಗೆ ತಿಳಿದದ್ದು ಆಮೇಲೆ.

ಮೂರನೆಯ ದಿನ ಆ ಮನೆಯಲ್ಲಿ ಐದು ಜನ ಮಲಗಿದರು. ತಿಯಂಜಾನೆ ಡೇರೆ ತಲುಪಿದಾಗ ಸೂಜಿ ಚುಚ್ಚಲು ನರವೇ ಸಿಗಲಿಲ್ಲ, ಮಧ್ಯಾಹ್ನಕ್ಕೆ ಹೋದಳು. ಹಿಂದೆಯೇ ಲೈಸನ್‌ನ ಚಿಕ್ಕಪ್ಪನೂ ಹೋದ. ಫೈನೆಸಿಗೆ ಏನೂ ಆಗಲಿಲ್ಲ, ಮಾಲಿತಾಗೂ ಇಲ್ಲ.

ಹೆಂಡತಿಯನ್ನು ಹೂಳಿದ ದಿನ ಲೈಸನ್ ಫೈನೆಸಿಯ ಎರಡೂ ಕೈ ಹಿಡಿದುಕೊಂಡ. "ದೊಡ್ಡಮ್ಮಾ, ನೀನೊಬ್ಬಳೇ ಮನುಷ್ಯಳ ಹಾಗೆ ನಡ್ಕೊಂಡಿದ್ದು. ಆ ಮಟಯೋ ಬಂದು ಮನೆಯೆಲ್ಲಾ ವಿಷ ಹೊಡೆದ, ಅದಕ್ಕೇ ನನ್ನ ಹೆಂಡತಿ ಸತ್ತಳು." ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಬರಲಿಲ್ಲವೋ, ಬರಗೊಡಲಿಲ್ಲವೋ, ಅದನ್ನು ಅವಳಿಗೆ ಮುಂದೆಯೂ ಇತ್ಯರ್ಥ ಮಾಡಿಕೊಳ್ಳಲಾಗಲಿಲ್ಲ.

ಮರುದಿನ ಊರ ಗಂಡಸರು ಹಳ್ಳದ ಹತ್ತಿರ ಮಟಯೋನನ್ನು ಅಡ್ಡಗಟ್ಟಿ ಹೊಡೆದರು. ಔಷಧಿಯ ಡಬ್ಬ ಒಡೆದರು, ಗುದ್ದಲಿ ಕಾವಿನಿಂದ ತೋಳು ಮುರಿದರು. ಫೈನೆಸಿ ಡೇರೆಗೆ ಹೋದಾಗ ಅವನು ಮೂಲೆಯಲ್ಲಿ ಕೈಗೆ ಹಲಗೆ ಕಟ್ಟಿಸಿಕೊಂಡು ಕೂತಿದ್ದ. ಮೂರು ಮಕ್ಕಳ ತಂದೆ, ಬಡಕಲು ಮನುಷ್ಯ.

"ನಾನೇನು ಮಾಡ್ದೆ ಅಕ್ಕಾ?" ಅಂತ ಕೇಳಿದ. "ಆ ಮನೆಗೆ ನಾನು ಹೋಗೋ ಹೊತ್ತಿಗೆ ಎಲ್ರೂ ಊಟ ಮುಗಿಸಿದ್ರು."

ಭಾನುವಾರ ಚರ್ಚಿನಲ್ಲಿ ತಗಡಿನ ಮಾಡಿಗೆ ಮಳೆ ಹೊಡೆಯುತ್ತಿತ್ತು. ಪ್ರಾರ್ಥನೆ ಮುಗಿಯುವ ಮೊದಲೇ ಫೈನೆಸಿ ಎದ್ದು ನಿಂತಳು. ಮಳೆಯ ಸದ್ದಿಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು.

"ಮಟಯೋ ಯಾರನ್ನೂ ಕೊಂದಿಲ್ಲ. ಎನೆಲೆಸಿಯ ಮೈಯನ್ನ ನಾನು ತೊಳೆದೆ. ತೊಳೀಬಾರದು ಅಂತ ಗೊತ್ತಿತ್ತು, ನಿಮಗೆಲ್ಲಾ ಹೇಳ್ತಿದ್ದೋಳೂ ನಾನೇ. ತಿಯಂಜಾನೆಯನ್ನ ಆ ಕೋಣೆಗೆ ಕರ್ಕೊಂಡು ಹೋದೋಳು ನಾನು."

ಲೈಸನ್ ಬೆಂಚಿನಿಂದ ಎದ್ದ. "ಯಾಕೆ ದೊಡ್ಡಮ್ಮಾ, ತೊಳೆದಿದ್ದಕ್ಕೇ ಸತ್ತಳು ಅಂತ ಸುಳ್ಳು ಹೇಳ್ತೀಯಾ? ಮಿಷನ್ನೋರು ಹೇಳಿಸ್ತಿದಾರಾ?"

"ಸುಳ್ಳಲ್ಲಪ್ಪ."

"ನಾನೇ ಕಾಲು ಹಿಡಿದಿದ್ದೆ," ಅಂದ. ಅದು ಅವಳಿಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ. "ನಾನು ಕೇಳ್ದೆ. ತಾಯಿ ಸತ್ತೋನು ಏನ್ ಬೇಕಾದ್ರೂ ಕೇಳ್ತಾನೆ. ನೀನು ಆಗಲ್ಲ ಅನ್ಬೇಕಿತ್ತು." ಮಳೆಯಲ್ಲೇ ಹೊರಟುಹೋದ. ಹಿಂದಿನ ಸಾಲಿನಲ್ಲಿ ಮಾಲಿತಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಸಂಘದ ಹಿರಿತನದಿಂದ ಫೈನೆಸಿಯನ್ನು ಇಳಿಸಿದರು. ಪಾದ್ರಿಗಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಈಗೇನು ಮಾಡ್ತೀರಿ?" ಅಂತಷ್ಟೇ ಕೇಳಿದರು.

"ಡೇರೇಲಿ ಬಕೆಟ್ ಎತ್ತೋಕೆ ಜನ ಸಾಲ್ತಿಲ್ಲ, ಅಲ್ಲಿರ್ತೀನಿ ಪಾದ್ರಿಗಳೇ."

ಭೇದಿ ಕೆಳಗಿಳಿಯಲೆಂದು ನಡುವೆ ತೂತು ಕೊರೆದ ಮಂಚಗಳ ಕೆಳಗಿನ ಬಕೆಟ್ಟುಗಳನ್ನು ಎತ್ತಿ ಗುಂಡಿಗೆ ಸುರಿಯುವುದೇ ದಿನವಿಡೀ ಕೆಲಸ. ಮಟಯೋನ ಮೇಲೆ ಮತ್ತೆ ಯಾರೂ ಕೈ ಮಾಡಲಿಲ್ಲ. ಕೆಲವು ಮನೆಗಳು ಬಾಗಿಲು ತೆರೆದವು, ಕೆಲವು ಇಲ್ಲ.

ಮಾರ್ಚಿನಲ್ಲಿ ಲೈಸನ್ ತನ್ನ ನಾಲ್ಕು ವರ್ಷದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಮಗುವಿನ ಕಣ್ಣು ಗುಳಿ ಬಿದ್ದಿತ್ತು. ಉಪ್ಪುಸಕ್ಕರೆಯ ನೀರು ಹಿಡಿದು ಬಂದ ಫೈನೆಸಿಯನ್ನು ಕಂಡು ನರ್ಸಿನ ಕಡೆ ತಿರುಗಿದ.

"ಇವಳು ಬೇಡ. ಬೇರೆ ಯಾರಾದ್ರೂ ಕುಡಿಸಲಿ."

"ಬೇರೆ ಯಾರಿದಾರಪ್ಪ? ಅರವತ್ತು ಜನಕ್ಕೆ ನಾವು ನಾಲ್ಕು ಜನ," ಅಂದಳು ನರ್ಸು.

ಫೈನೆಸಿ ಲೋಟವನ್ನು ಮಂಚದ ತುದಿಯಲ್ಲಿಟ್ಟು ಹಿಂದೆ ಸರಿದಳು. "ನೀನೇ ಕುಡಿಸು. ಒಂದೊಂದೇ ಚಮಚ. ವಾಂತಿ ಮಾಡಿದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡು. ನಿಲ್ಲಿಸ್ಬೇಡ." ಅವನು ಚಮಚ ಎತ್ತಿಕೊಂಡ. ಎರಡು ದಿನ ಅವಳು ದೂರದಿಂದಲೇ ನೀರು ಬೆರೆಸಿ ಇಟ್ಟಳು, ಅವನು ಕುಡಿಸಿದ.

ಮೂರನೆಯ ಬೆಳಿಗ್ಗೆ ಮಗು ಮಾವಿನಹಣ್ಣು ಬೇಕೆಂದು ಹಟ ಹಿಡಿಯಿತು. ಲೈಸನ್ ಅದನ್ನು ಬೆನ್ನಿಗೆ ಕಟ್ಟಿಕೊಂಡು, ಫೈನೆಸಿಯ ಪಕ್ಕದಲ್ಲೇ ದಾಟಿ, ಕೆಸರಿನ ದಾರಿ ಹಿಡಿದ. ಆಮೇಲೆ ಎಂದೂ ಅವನು ಅವಳ ಜೊತೆ ಮಾತಾಡಲಿಲ್ಲ.

ಅವಳು ಆ ಮಂಚಕ್ಕೆ ಕ್ಲೋರಿನ್ ಎರಚಿ, ಒರೆಸಿ, ಹೊರಗೆ ಕಾದಿದ್ದವರನ್ನು ಒಳಗೆ ಕರೆದಳು.