ಅತ್ತೆ ಹೊಲಿದ ಕಳ್ಳಜೇಬು

ನಮ್ಮ ಬೀದಿಯಲ್ಲಿ ಯಾರು ಪರದೇಶಕ್ಕೆ ಹೊರಟರೂ ಪೆಟ್ಟಿಗೆ ತುಂಬುವ ಮೊದಲು ನಮ್ಮ ಸೋದರತ್ತೆಯ ಟೈಲರ್ ಅಂಗಡಿಗೆ ಬಂದು ನಿಲ್ಲಬೇಕು. ಪಾಸ್‌ಪೋರ್ಟಿಗೆ, ದುಡ್ಡಿಗೆ ಅವಳು ಬಟ್ಟೆಯೊಳಗೆ ಕಳ್ಳಜೇಬು ಹೊಲಿದುಕೊಡುತ್ತಾಳೆ. ಯಾರಾದರೂ ಸೊಂಟಕ್ಕೆ ಕಟ್ಟುವ ಬ್ಯಾಗು ತೋರಿಸಿದರೆ, "ಇದನ್ನ ಕಟ್ಕೊಳ್ಳೋದೂ ಒಂದೇ, ದುಡ್ಡು ಇಲ್ಲಿದೆ ಅಂತ ಬೋರ್ಡು ಹಾಕ್ಕೊಳ್ಳೋದೂ ಒಂದೇ" ಎಂದು ಮೂಗು ಮುರಿಯುತ್ತಾಳೆ. ದುಡ್ಡು, ಪಾಸ್‌ಪೋರ್ಟು ಒಂದೇ ಜೇಬಿನಲ್ಲಿ ಇರಕೂಡದು ಎಂಬುದು ಅವಳ ಕಾನೂನು; ಬ್ಯಾಂಕ್ ಮ್ಯಾನೇಜರೇ ಬಂದರೂ ಅದರಲ್ಲಿ ರಿಯಾಯಿತಿಯಿಲ್ಲ. ಹೊಲಿಗೆ ಮುಗಿದ ಮೇಲೆ ಪರೀಕ್ಷೆ. ಗಿರಾಕಿಗೆ ಬಟ್ಟೆ ತೊಡಿಸಿ ಅಂಗಡಿಯ ಮುಂದೆ ನಡೆಯಲು ಹೇಳಿ, ತಾನು ಎದುರಿನಿಂದ ಬಂದು ಭುಜಕ್ಕೆ ಭುಜ ತಗುಲಿಸಿ, "ಅಯ್ಯೋ, ನೋಡ್ಲಿಲ್ಲ" ಎನ್ನುತ್ತಾಳೆ. ಅಷ್ಟರಲ್ಲಿ ಅವನ ಪೆನ್ನು, ಪರ್ಸು, ಮೊಬೈಲು ಅವಳ ಕೈಯಲ್ಲಿರುತ್ತವೆ. ಪಾಸ್‌ಪೋರ್ಟ್ ಮಾತ್ರ ಸಿಕ್ಕಿರುವುದಿಲ್ಲ. ಅದೂ ಸಿಕ್ಕಿತೋ, ಹೊಲಿಗೆ ಬಿಚ್ಚಿ ಮೊದಲಿನಿಂದ ಹೊಲಿಯುತ್ತಾಳೆ. ಮೂವತ್ತು ವರ್ಷದಲ್ಲಿ ಅವಳು ಹೊಲಿದ ಜೇಬಿನಿಂದ ಯಾವ ದೇಶದ ಕಳ್ಳನೂ ಒಂದು ಚೀಟಿಯನ್ನೂ ಎತ್ತಿಲ್ಲ. ಮೊನ್ನೆ ನಾನೂ ಪರದೇಶಕ್ಕೆ ಹೊರಟಾಗ, ಅವಳು ನನ್ನ ಕೋಟಿಗೆ ಜೇಬು ಹೊಲಿಯುತ್ತಿರುವಾಗ, ಈ ವಿದ್ಯೆ ಎಲ್ಲಿ ಕಲಿತೆ ಅತ್ತೆ ಎಂದು ಕೇಳಿದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು, ತಲೆಯೆತ್ತಿ ಹೇಳಿದಳು: "ನಿಮ್ಮಪ್ಪ ನಿಂಗೆ ಹೇಳಿರಲ್ಲ. ನಿಮ್ಮ ತಾತ ಜೇಬುಗಳ್ಳ ಕಣೋ. ಚಿಕ್ಕೋಳಿದ್ದಾಗ ಬಸ್ಸಲ್ಲಿ ಪಕ್ಕದಲ್ಲೇ ಕೂತು ನೋಡ್ತಿದ್ದೆ. ಅವರ ಕೈ ಎಲ್ಲಿಗೆ ಹೋಗ್ತಿರಲಿಲ್ವೋ ಅಲ್ಲೇ ಹೊಲೀತೀನಿ. ಅಂಥಾ ಕೈ ಯಾವ ದೇಶದಲ್ಲೂ ಇಲ್ಲ, ನೀನು ಧೈರ್ಯವಾಗಿ ಹೋಗಿ ಬಾ."